ಡಯಾಲಿಸಿಸ್ ಮಾಡಿಸುವವರಿಗೆ ಕೊರೊನಾ ಲಸಿಕೆ ನಿಜಕ್ಕೂ ಎಷ್ಟು ಕಾಯ್ತದೆ? ಕಾಸರಗೋಡು ಕಡೆಯವರು ಹೇಳಿ

ಪೆರ್ಲದವ (ಜೂನ್ 2025)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಅರುವತ್ತು ದಾಟಿದೆ, ಶುಗರ್ ಹಳೆಯದು, 2023ರಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೋವಿಶೀಲ್ಡ್ ಎರಡು ಡೋಸ್ 2021ರಲ್ಲಿ ಆಗಿದೆ, ಮುನ್ನೆಚ್ಚರಿಕೆ ಡೋಸ್ 2022ರಲ್ಲಿ. ಆಗ ಡಯಾಲಿಸಿಸ್ ಶುರುವಾಗಿರಲಿಲ್ಲ, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) ಮಾತ್ರ ರಕ್ತದಲ್ಲಿ ಏರ್ತಾ ಇತ್ತು.

ಈಗ ಮತ್ತೆ ಕೇಸು ಹೆಚ್ಚಾಗಿದೆ, ದೇಶದಲ್ಲೇ ಜಾಸ್ತಿ ನಮ್ಮ ಕೇರಳದಲ್ಲಿ ಅಂತ ದಿನಾ ಟಿವಿಯಲ್ಲಿ ಬರ್ತಾ ಉಂಟು. ಅಮ್ಮನ ಪಕ್ಕದ ಬೆಡ್ಡಿನವರು ಕಳೆದ ವಾರ ಇಡೀ ಕೆಮ್ಮುತ್ತಾ ಇದ್ದರು, ಈ ವಾರ ಕಾಣಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಹಳೆಯ ಮೂರು ಡೋಸಿನಲ್ಲಿ ಈಗ ಏನಾದರೂ ಉಳಿದಿರಬಹುದಾ? ಕಿಡ್ನಿ ಹೋದವರಿಗೆ ಲಸಿಕೆ ಹಿಡಿಯುವುದೇ ಇಲ್ಲ ಅಂತ ಒಬ್ಬರು ಹೇಳಿದರು, ಅದು ಹೌದಾ?

ಸಂಶಯಪ್ಪ

ಹಿಡಿಯುವುದಿಲ್ಲ. ನಮ್ಮ ಮಾವನಿಗೆ ಎರಡು ಡೋಸ್ ಆಗಿತ್ತು, ಡಯಾಲಿಸಿಸ್ ಇತ್ತು, 2022ರ ಜನವರಿಯಲ್ಲಿ ಹೋದರು. ಇನ್ನೆಂತ ಬೇಕು?

ಹೊಸಂಗಡಿ ಜಂಕ್ಷನ್

ಸಂಶಯಪ್ಪಣ್ಣ, ನಿಮ್ಮ ಮಾವನ ವಿಷಯ ಬೇಸರದ್ದು. ಆದರೆ ಒಬ್ಬರನ್ನು ನೋಡಿ ಎಲ್ಲರ ಹಣೆಬರಹ ಬರೆಯಬೇಡಿ ಮಾರಾಯ್ರೆ.

ಮೆಷಿನ್ ಅಕ್ಕ

ನಾನು ಡಯಾಲಿಸಿಸ್ ಯೂನಿಟ್ಟಿನಲ್ಲಿ ಟೆಕ್ನೀಶಿಯನ್. ಎಲ್ಲಿ ಅಂತ ಕೇಳಬೇಡಿ.

ಪೆರ್ಲದವರೇ, "ಹಿಡಿಯುವುದೇ ಇಲ್ಲ" ಅನ್ನುವುದು ತಪ್ಪು. ಬೇರೆಯವರಿಗಿಂತ ಕಡಿಮೆ ಹಿಡಿಯುತ್ತದೆ, ಬೇಗ ಇಳಿಯುತ್ತದೆ. ಕಿಡ್ನಿ ಕೆಲಸ ಮಾಡದೆ ರಕ್ತದಲ್ಲಿ ಕಶ್ಮಲ ಉಳಿದಾಗ ರೋಗದ ವಿರುದ್ಧ ಹೋರಾಡುವ ಕಣಗಳೂ ಮಂಕಾಗುತ್ತವೆ. ಅದರ ಮೇಲೆ ವಯಸ್ಸು, ಶುಗರ್. ಆದರೂ ಎರಡು ಡೋಸ್ ಆದ ಮೇಲೆ ಡಯಾಲಿಸಿಸಿನವರಲ್ಲಿ ಹೆಚ್ಚಿನವರ ರಕ್ತದಲ್ಲಿ ಆ್ಯಂಟಿಬಾಡಿ (ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನ್) ಬಂದೇ ಬರುತ್ತದೆ. ಮಟ್ಟ ಕಡಿಮೆ, ಅಷ್ಟೆ.

ಲಸಿಕೆ ಬರುವ ಮೊದಲು 2020ರಲ್ಲಿ ಹೇಗಿತ್ತು ಅಂತ ಜನರಿಗೆ ಮರೆತುಹೋಗಿದೆ. ಯುರೋಪಿನ ದಾಖಲೆಗಳಲ್ಲಿ ಕೊರೊನಾ ಬಂದ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಒಂದು ತಿಂಗಳೊಳಗೆ ತೀರಿಹೋಗಿದ್ದರು. ಉಳಿದವರಿಗೆ "ಮನೆಯಲ್ಲೇ ಇರಿ" ಅಂತ ಹೇಳಿದ ಹಾಗೆ ಇವರಿಗೆ ಹೇಳಲಿಕ್ಕೂ ಆಗುವುದಿಲ್ಲ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ, ಕಿಟಕಿ ಮುಚ್ಚಿದ ಎಸಿ ಹಾಲ್, ಬೆಡ್ಡಿಗೆ ಬೆಡ್ಡು ತಾಗುವಷ್ಟು ಹತ್ತಿರ. ಮನೆಯಲ್ಲಿ ಕೂತರೆ ನೀರು ತುಂಬಿಯೇ ಹೋಗ್ತಾರೆ.

ಬಾಯಾರು ಭಾವ

ಅಪ್ಪು (ಹೌದು) ಮಾರಾಯ್ತಿ, ಎಂಗಳಲ್ಲಿಯೂ ಹೀಂಗೇ ಆಯಿದು.

ಸಂಶಯಪ್ಪ

ಕಡಿಮೆ ಅಂದರೆ ಎಷ್ಟು ಕಡಿಮೆ? ಲೆಕ್ಕ ಕೊಡಿ. ಎಲ್ಲರೂ "ಕಾಯ್ತದೆ ಕಾಯ್ತದೆ" ಅಂತಾರೆ, ನಂಬರ್ ಯಾರೂ ಹೇಳುವುದಿಲ್ಲ.

ನೀರ್ಚಾಲು ಮೇಷ್ಟ್ರು

ಲೆಕ್ಕ ಉಂಟು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಡಯಾಲಿಸಿಸಿನಲ್ಲಿದ್ದ 13,759 ಜನರನ್ನು ನೋಡಿದ ಅಧ್ಯಯನ 2022ರಲ್ಲಿ ಬಂತು. ಲಸಿಕೆ ಇಲ್ಲದವರಿಗೆ ಹೋಲಿಸಿದರೆ ಎರಡು ಡೋಸ್ ಆದವರಲ್ಲಿ ಸೋಂಕು 69% ಕಡಿಮೆ. ಆಸ್ಪತ್ರೆ ಸೇರುವುದು ಅಥವಾ ಸಾಯುವುದು 83% ಕಡಿಮೆ. ಒಂದೇ ಡೋಸ್ ಆದವರಿಗೆ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಲಾಭ, ಅಷ್ಟೆ.

ಎರಡು ಮಾತು ಸೇರಿಸಬೇಕು. ಅಲ್ಲಿ ಹಾಕಿದ್ದು ಹೆಚ್ಚಾಗಿ ಫೈಜರ್, ಮೊಡೆರ್ನಾ. ನಮ್ಮಲ್ಲಿ ಸಿಕ್ಕಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಮತ್ತೆ ಅದು ಓಮೈಕ್ರಾನ್ ತಳಿ ಬರುವ ಮೊದಲಿನ ಲೆಕ್ಕ.

ಸಂಶಯಪ್ಪ

ನೋಡಿ, ನೀವೇ ಹೇಳಿದಿರಿ. 83 ಅಂದರೆ ಉಳಿದ 17 ಜನ ಸಾಯ್ತಾರೆ. ಅದು ಕಡಿಮೆಯಾ?

ನೀರ್ಚಾಲು ಮೇಷ್ಟ್ರು

ಅಲ್ಲ ಸ್ವಾಮಿ. ಹೈಸ್ಕೂಲಿನಲ್ಲಿ ನನ್ನ ಕ್ಲಾಸಿನಲ್ಲಿ ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಲಸಿಕೆ ಇಲ್ಲದವರ ಗುಂಪಿನಲ್ಲಿ 100 ಮಂದಿಗೆ ಗಂಭೀರವಾಗುವ ಕಡೆ, ಅಷ್ಟೇ ದೊಡ್ಡ ಲಸಿಕೆ ಆದ ಗುಂಪಿನಲ್ಲಿ ಸುಮಾರು 17 ಮಂದಿಗೆ ಆಗ್ತದೆ. ಆ 17 ಜನ ಇಡೀ ದೊಡ್ಡ ಗುಂಪಿನಲ್ಲಿ 17, ನೂರರಲ್ಲಿ 17 ಅಲ್ಲ. ನಿಮ್ಮ ಮಾವ ದುರದೃಷ್ಟಕ್ಕೆ ಆ ಕಡೆ ಸೇರಿದರು. ಮತ್ತೆ 2022ರ ಜನವರಿ ಅಂದರೆ ಓಮೈಕ್ರಾನ್ ಅಲೆ. ಎರಡು ಡೋಸ್ ಆಗಿ ತಿಂಗಳುಗಳು ಕಳೆದವರಿಗೆ ಅದು ಸುಲಭದಲ್ಲಿ ತಾಗ್ತಿತ್ತು, ಆರೋಗ್ಯವಂತರಿಗೂ. ಮೂರನೇ ಡೋಸ್ ಬೇಕಾದ್ದು ಅದಕ್ಕೇ.

ಮುಳ್ಳೇರಿಯ ಕೃಷಿಕ

ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಟ್ಟ ಹಾಗೆ ಅಂತ ತಿಳ್ಕೊಳ್ಳಿ. ಮಳೆಗಾಲದ ಮೊದಲು ಒಂದು ಸಲ ಬಿಟ್ಟು ಕೂತರೆ ಆಗ್ಲಿಕ್ಕಿಲ್ಲ, ಮಳೆ ಹಿಡಿದು ಕೂತರೆ ಮತ್ತೆ ಬಿಡಬೇಕು. ಎರಡು ಸಲ ಬಿಟ್ಟ ತೋಟದಲ್ಲೂ ಕೊಳೆರೋಗದ ನಾಲ್ಕು ಗೊನೆ ಸಿಗ್ತದೆ. ಹಾಗಂತ ಯಾರೂ ಮದ್ದು ಬಿಡುವುದು ನಿಲ್ಲಿಸಿದ್ದಾರಾ?

ಉಪ್ಪಳ ಎಕ್ಸ್‌ಪ್ರೆಸ್

ಕೃಷಿಕರೇ, ಈ ವರ್ಷ ಮೇ ತಿಂಗಳಲ್ಲೇ ಮಳೆ ಬಂತಲ್ಲ, ಮದ್ದು ಬಿಡ್ಲಿಕ್ಕೆ ಜನ ಸಿಕ್ಕಿದರಾ? ನಮ್ಮ ತೋಟದಲ್ಲಿ ಇನ್ನೂ ಆಗಿಲ್ಲ.

ಮುಳ್ಳೇರಿಯ ಕೃಷಿಕ

ಎಲ್ಲಿ ಸಿಗ್ತಾರೆ. ಮರ ಹತ್ತುವವರು ಈಗ ಡಾಕ್ಟ್ರಿಗಿಂತ ಬ್ಯುಸಿ. ದೋಟಿಯಲ್ಲಿ ಮಾಡಿಸಿದೆ.

ಹೊಸಂಗಡಿ ಜಂಕ್ಷನ್

ತೋಟದಿಂದ ವಾಪಸ್ ಬನ್ನಿ ದಯವಿಟ್ಟು.

ಕುಂಬಳೆ ಸೊಸೆ

ನನಗೊಂದು ಸಂಶಯ. ಅತ್ತೆಗೆ ಡಯಾಲಿಸಿಸ್ ಮಾಡುವಾಗ ರಕ್ತ ಪೂರ್ತಿ ಹೊರಗೆ ಬಂದು ತೊಳೆದು ಒಳಗೆ ಹೋಗ್ತದಲ್ಲ. ಲಸಿಕೆಯೂ ಅದರೊಟ್ಟಿಗೆ ತೊಳೆದು ಹೋಗುವುದಿಲ್ವಾ? ನಮ್ಮ ಆಚೆಮನೆಯವರು ಹೀಗೆ ಹೇಳಿಯೇ ಬೂಸ್ಟರ್ ಬೇಡ ಅಂತ ಬಿಟ್ಟರು.

ಮೆಷಿನ್ ಅಕ್ಕ

ತುಂಬ ಜನ ಇದನ್ನು ಕೇಳ್ತಾರೆ, ಹಾಗಾಗಿ ಬಿಡಿಸಿ ಹೇಳ್ತೇನೆ. ಲಸಿಕೆ ಹಾಕುವುದು ತೋಳಿನ ಮಾಂಸಕ್ಕೆ, ರಕ್ತಕ್ಕಲ್ಲ. ಅದು ಕೆಲಸ ಮಾಡಿದ ಮೇಲೆ ಶರೀರದಲ್ಲಿ ಆಗುವ ಆ್ಯಂಟಿಬಾಡಿ ರಕ್ತದಲ್ಲಿ ಇರ್ತದೆ ನಿಜ. ಆದರೆ ರಕ್ತ ಸೋಸುವ ಫಿಲ್ಟರ್, ಅಂದರೆ ಡಯಾಲೈಸರಿನ ತೂತು ಸಣ್ಣದು. ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂ ದಾಟ್ತದೆ. ಅಲ್ಬುಮಿನ್ ಅಂತ ಪ್ರೋಟೀನ್ ಉಂಟಲ್ಲ, ಅದರ ತೂಕ ಸುಮಾರು 66,000 ಡಾಲ್ಟನ್ (ಅಣುವಿನ ತೂಕದ ಅಳತೆ). ಅದೇ ದಾಟಬಾರದು ಅಂತ ಫಿಲ್ಟರ್ ಮಾಡಿರುವುದು. ಆ್ಯಂಟಿಬಾಡಿ ಅದರ ಎರಡು ಪಟ್ಟಿಗಿಂತ ದೊಡ್ಡದು, 1,50,000ದ ಹತ್ತಿರ. ಅದು ಹೇಗೆ ಹೋಗ್ತದೆ? ನಿಮ್ಮ ಆಚೆಮನೆಯವರಿಗೆ ಹೇಳಿ.

ಕುಂಬಳೆ ಸೊಸೆ

ಹೇಳಿದರೆ ಕೇಳುವವರಲ್ಲ ಅಕ್ಕಾ. ಆದರೂ ಹೇಳ್ತೇನೆ.

ಔಷಧ ಅಂಗಡಿಯವ

ಹೆಪಟೈಟಿಸ್ ಬಿ ಲಸಿಕೆಯನ್ನು ನೋಡಿ, ಎಲ್ಲ ಅರ್ಥ ಆಗ್ತದೆ. ಡಯಾಲಿಸಿಸಿನವರಿಗೆ ಅದನ್ನು ಎಲ್ಲರ ಹಾಗೆ 20 ಮೈಕ್ರೋಗ್ರಾಂ ಹಾಕುವುದಿಲ್ಲ, 40 ಹಾಕ್ತಾರೆ. ಮೂರು ಸಲ ಅಲ್ಲ, ನಾಲ್ಕು ಸಲ: ಮೊದಲನೆಯದು, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಆಮೇಲೆ ರಕ್ತ ಪರೀಕ್ಷೆ ಮಾಡಿ ಆ್ಯಂಟಿಬಾಡಿ ಮಟ್ಟ 10ಕ್ಕಿಂತ ಕೆಳಗೆ ಇಳಿದರೆ ಮತ್ತೆ ಒಂದು. ಕಿಡ್ನಿಯವರಿಗೆ ಲಸಿಕೆ ಕಡಿಮೆ ಹಿಡಿಯುತ್ತದೆ ಅನ್ನುವುದು ಕೊರೊನಾ ಬಂದ ಮೇಲೆ ಕಂಡುಹಿಡಿದದ್ದಲ್ಲ, ಡಾಕ್ಟರುಗಳಿಗೆ ಎಷ್ಟೋ ವರ್ಷದಿಂದ ಗೊತ್ತಿರುವುದು.

ಪೆರ್ಲದವ

ಹಾಗಾದರೆ ಕೊರೊನಾದ್ದೂ ರಕ್ತ ಪರೀಕ್ಷೆ ಮಾಡಿಸಿ ನೋಡಬಹುದಲ್ಲ? ಮಂಗಳೂರಿನ ಒಂದು ಲ್ಯಾಬಿನವರು ಪ್ಯಾಕೇಜ್ ಅಂತ ಮೆಸೇಜ್ ಕಳಿಸ್ತಾ ಇದ್ದಾರೆ. ಆ್ಯಂಟಿಬಾಡಿ, ವಿಟಮಿನ್ ಡಿ, ಥೈರಾಯ್ಡ್ ಎಲ್ಲ ಸೇರಿ.

ಔಷಧ ಅಂಗಡಿಯವ

ದುಡ್ಡು ಹಾಳು ಮಾಡಬೇಡಿ. ಹೆಪಟೈಟಿಸಿಗೆ 10 ಅಂತ ಒಂದು ಗೆರೆ ಉಂಟು. ಕೊರೊನಾಕ್ಕೆ ಇಷ್ಟಿದ್ದರೆ ಸೇಫ್ ಅಂತ ಎಲ್ಲರೂ ಒಪ್ಪಿದ ಗೆರೆಯೇ ಇಲ್ಲ. ಮತ್ತೆ ಆ ಪರೀಕ್ಷೆ ಹೆಚ್ಚಾಗಿ ಹಳೆಯ ವೈರಸ್ಸಿನ ಮೈಮೇಲಿನ ಮುಳ್ಳಿನ (ಸ್ಪೈಕ್ ಪ್ರೋಟೀನ್) ವಿರುದ್ಧದ ಆ್ಯಂಟಿಬಾಡಿ ಅಳೆಯುವುದು, ಈಗ ಓಡಾಡುವುದು ಬೇರೆ ತಳಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕಣ ಅಂತ ಉಂಟು, ಅದರ ಶಕ್ತಿ ಆ ಪರೀಕ್ಷೆಯಲ್ಲಿ ಕಾಣುವುದೂ ಇಲ್ಲ. ರಿಪೋರ್ಟಿನಲ್ಲಿ ದೊಡ್ಡ ನಂಬರ್ ಬಂದರೆ ಮಾಸ್ಕ್ ತೆಗೆದು ತಿರುಗ್ತಾರೆ, ಸಣ್ಣದು ಬಂದರೆ ನಿದ್ರೆ ಬಿಡ್ತಾರೆ.

ಸಂಶಯಪ್ಪ

ಔಷಧ ಅಂಗಡಿಯವರು ಖರ್ಚು ಬೇಡ ಅನ್ನುವುದನ್ನು ಇವತ್ತೇ ಕೇಳಿದ್ದು 😄

ಒಂದು ಎರವಲು ಕಿಡ್ನಿ

ನನಗೆ ಕಿಡ್ನಿ ಕಸಿ ಆಗಿದೆ, ಕೊಟ್ಟದ್ದು ತಂಗಿ. ನಮ್ಮ ಸ್ಥಿತಿ ಡಯಾಲಿಸಿಸಿನವರಿಗಿಂತಲೂ ಕಷ್ಟ. ಶರೀರ ಹೊಸ ಕಿಡ್ನಿಯನ್ನು ದೂಡಬಾರದು ಅಂತ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ತಿನ್ನುತ್ತೇವೆ. ಅದು ಲಸಿಕೆಯ ಕೆಲಸವನ್ನೂ ತಡೆಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಅಂಗಾಂಗ ಕಸಿ ಆದವರನ್ನು ಪರೀಕ್ಷೆ ಮಾಡಿದಾಗ ಎರಡು ಡೋಸ್ ಆದ ಮೇಲೂ ಹತ್ತಿರ ಹತ್ತಿರ ಅರ್ಧ ಜನರಲ್ಲಿ ಆ್ಯಂಟಿಬಾಡಿಯೇ ಕಾಣಲಿಲ್ಲ.

ಯಾರಿಗಾದರೂ ಕಸಿ ಮಾಡಿಸುವ ಆಲೋಚನೆ ಇದ್ದರೆ ಒಂದು ಮಾತು. ಹಾಕಿಸಬೇಕಾದ ಲಸಿಕೆಗಳನ್ನೆಲ್ಲ ಆಪರೇಶನ್ನಿಗೆ ಮೊದಲು, ಡಯಾಲಿಸಿಸಿನಲ್ಲಿ ಇರುವಾಗಲೇ ಹಾಕಿಸಿಕೊಳ್ಳಿ. ಕಸಿ ಆದ ಮೇಲೆ ಹಾಕಿದರೆ ಅಷ್ಟು ಹಿಡಿಯುವುದಿಲ್ಲ. ನನಗೆ ಇದನ್ನು ಸರಿಯಾದ ಸಮಯಕ್ಕೆ ಹೇಳಿದ್ದು ಡಾಕ್ಟ್ರಲ್ಲ, ಪಕ್ಕದ ಬೆಡ್ಡಿನ ಬ್ಯಾರಿ ಅಜ್ಜ.

ಉಪ್ಪಳ ಎಕ್ಸ್‌ಪ್ರೆಸ್

ಲಸಿಕೆ ವಿಷಯ ಬಿಡಿ, 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ತಲಪಾಡಿಯಲ್ಲೂ ತಡೆದದ್ದನ್ನು ಯಾರಾದರೂ ಮರೆತಿದ್ದೀರಾ? ನಮ್ಮ ಮಂಜೇಶ್ವರ ಕಡೆಯವರಿಗೆ ಮಂಗಳೂರು ಅಂದರೆ ಆಚೆ ರಾಜ್ಯ ಅಲ್ಲ, ದಿನದ ಆಸ್ಪತ್ರೆ. ಡಯಾಲಿಸಿಸ್ ತಪ್ಪಿದವರಿಗೆ ಸಾಯಲಿಕ್ಕೆ ಕೊರೊನಾ ಬರಬೇಕು ಅಂತಲೇ ಇರಲಿಲ್ಲ.

ನೀರ್ಚಾಲು ಮೇಷ್ಟ್ರು

ಮರೆಯುವುದು ಹೇಗೆ. ಎಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ತಡೆ ತೆಗೆಸಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆಮೇಲೆ ತುರ್ತು ರೋಗಿಗಳನ್ನು ಬಿಟ್ಟರು, ಅದೂ ಕಾಗದಪತ್ರ ತೋರಿಸಿ. 2021ರ ಆಗಸ್ಟಿನಲ್ಲಿ ಕರ್ನಾಟಕದವರು ಮತ್ತೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ (ಕೊರೊನಾ ಪರೀಕ್ಷೆ) ರಿಪೋರ್ಟ್ ಕೇಳಿದರು, ಎರಡು ಡೋಸ್ ಆದವರಿಗೂ. ಲಸಿಕೆ ಸರ್ಟಿಫಿಕೇಟಿಗೆ ಗಡಿಯಲ್ಲಿ ಬೆಲೆಯೇ ಇರಲಿಲ್ಲ.

ಹೊಸಂಗಡಿ ಜಂಕ್ಷನ್

ಆಗ ಇಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜನ್ನು ಗಡಿಬಿಡಿಯಲ್ಲಿ ಕೊರೊನಾ ಆಸ್ಪತ್ರೆ ಮಾಡಿದರು. ಮತ್ತೆ ಚಟ್ಟಂಚಾಲಿನಲ್ಲಿ ಟಾಟಾದವರ ಕೊರೊನಾ ಆಸ್ಪತ್ರೆ ಬಂತು. ಗಡಿ ಮುಚ್ಚಿದ ಮೇಲೆಯೇ ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆ ಇಲ್ಲ ಅಂತ ತಿರುವನಂತಪುರಕ್ಕೆ ಗೊತ್ತಾದದ್ದು.

ಉಪ್ಪಳ ಎಕ್ಸ್‌ಪ್ರೆಸ್

ಈಗಲೂ ಸರಿ ಗೊತ್ತಾಗಿಲ್ಲ.

ಕುಂಬಳೆ ಸೊಸೆ

ಅದೊಂದು ಬೇರೆ ಚರ್ಚೆ ಮಾಡಿ ಅಣ್ಣಂದಿರೇ. ಇಲ್ಲಿ ಕೇಳಿದ್ದು ಲಸಿಕೆ.

ಅಕ್ಕಾ, ಅತ್ತೆಗೆ ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸಿನ ಸೂಜಿ ಚುಚ್ಚಲಿಕ್ಕೆ ಆಪರೇಶನ್ ಮಾಡಿ ಜೋಡಿಸಿದ ರಕ್ತನಾಳ). ಯಾವುದೇ ಲಸಿಕೆ ಹಾಕಿಸುವುದಾದರೆ ಯಾವ ಕೈಗೆ? ಯಾವ ದಿನ? ಒಂದು ಕಡೆ ನರ್ಸ್ ಎಡಗೈಗೇ ಹಾಕಲಿಕ್ಕೆ ಹೊರಟಿದ್ದಳು, ನಾನೇ ತಡೆದೆ.

ಮೆಷಿನ್ ಅಕ್ಕ

ತಡೆದದ್ದು ಒಳ್ಳೆಯದಾಯ್ತು. ಫಿಸ್ಟುಲಾ ಇರುವ ಕೈಗೆ ಲಸಿಕೆಯೂ ಇಲ್ಲ, ಬಿಪಿ ಪಟ್ಟಿಯೂ ಇಲ್ಲ, ರಕ್ತ ತೆಗೆಯುವುದೂ ಇಲ್ಲ. ಬೇರೆ ಆಸ್ಪತ್ರೆಗೆ ಹೋಗುವಾಗ ಆ ಕೈಯ ಮೇಲೆ ಒಂದು ಪ್ಲಾಸ್ಟರ್ ತುಂಡು ಅಂಟಿಸಿ "ಈ ಕೈ ಬೇಡ" ಅಂತ ಪೆನ್ನಿನಲ್ಲಿ ಬರೆದು ಕಳಿಸಿ. ಮಲಯಾಳದಲ್ಲೂ ಬರೆದರೆ ಇನ್ನೂ ಒಳ್ಳೆಯದು. ಫಿಸ್ಟುಲಾದ ಮೇಲೆ ಬೆರಳಿಟ್ಟಾಗ ಗುಂಯ್ ಅಂತ ನಡುಗುವುದು ನಿಂತಿದ್ದರೆ ಮಾತ್ರ ಲಸಿಕೆ ಪಿಸಿಕೆ ಎಲ್ಲ ಬಿಟ್ಟು ಆ ಕ್ಷಣ ಆಸ್ಪತ್ರೆಗೆ ಓಡಿ.

ದಿನದ ವಿಷಯ: ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡ್ತೇವೆ. ಅದು ಮುಗಿದ ಕೂಡಲೇ ಸೂಜಿ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ನೀಲಿ ಆಗಬಹುದು. ರಜೆಯ ದಿನ ಹಾಕಿಸಿ, ಇಲ್ಲದಿದ್ದರೆ ಡಯಾಲಿಸಿಸಿಗೆ ಕೂರುವ ಮೊದಲು. ಹತ್ತಿ ಇಟ್ಟು ಎರಡು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಲಸಿಕೆ ಆಯ್ತು ಅಂತ ಒಂದು ದಿನದ ಡಯಾಲಿಸಿಸ್ ತಪ್ಪಿಸಬೇಡಿ.

ಸಂಶಯಪ್ಪ

ಎಲ್ಲ ಸರಿ. 2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿಯೇ ಕೋರ್ಟಿನಲ್ಲಿ ಒಪ್ಪಿಕೊಂಡಿತಲ್ಲ, ರಕ್ತ ಹೆಪ್ಪುಗಟ್ಟುತ್ತದೆ ಅಂತ? ನಮ್ಮ ಕೋವಿಶೀಲ್ಡ್ ಅದೇ ತಾನೆ? ಅದಕ್ಕೆ ಯಾರ ಉತ್ತರ?

ಔಷಧ ಅಂಗಡಿಯವ

ಒಪ್ಪಿಕೊಂಡದ್ದು ಹೌದು, ಬ್ರಿಟನ್ನಿನ ಕೋರ್ಟಿನಲ್ಲಿ, "ತೀರಾ ಅಪರೂಪಕ್ಕೆ ಆಗಬಹುದು" ಅಂತ. ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ತೊಂದರೆ ಅದು. ಆದರೆ ಆ ಅಪಾಯ 2021ರಲ್ಲೇ ಗೊತ್ತಿತ್ತು, ಯುರೋಪಿನಲ್ಲಿ ಹಲವು ದೇಶಗಳು ಆಗಲೇ ಆ ಲಸಿಕೆಯನ್ನು ಚಿಕ್ಕ ವಯಸ್ಸಿನವರಿಗೆ ನಿಲ್ಲಿಸಿದ್ದವು. ಅದು ಆಗುವುದು ಹಾಕಿಸಿದ ಮೊದಲ ಕೆಲವು ವಾರಗಳಲ್ಲಿ. 2022ರಲ್ಲಿ ಹಾಕಿಸಿದವರು 2025ರಲ್ಲಿ ಕೂತು ಹೆದರುವುದಕ್ಕೆ ಅರ್ಥ ಇಲ್ಲ. ಡಯಾಲಿಸಿಸಿನವರ ಮಟ್ಟಿಗೆ ಆಗ ತೂಗಬೇಕಾದ್ದು ಎರಡು ಅಪಾಯ: ಒಂದು ತೀರಾ ಅಪರೂಪದ್ದು, ಇನ್ನೊಂದು ಕೊರೊನಾ ತಾಗಿದ ಐವರಲ್ಲಿ ಒಬ್ಬರು ಸಾಯುವಂಥದ್ದು.

ಸಂಶಯಪ್ಪ

ಇದನ್ನು ಆಗಲೇ ಜನರಿಗೆ ಹೇಳಬೇಕಿತ್ತು ಅನ್ನುವುದು ನನ್ನ ಮಾತು. ಹಾಕಿಸುವಾಗ ನಮಗೆ ಯಾರೂ ಹೇಳಲಿಲ್ಲ. ಲೈನಿನಲ್ಲಿ ನಿಲ್ಲಿಸಿ ಚುಚ್ಚಿ ಕಳಿಸಿದರು.

ನೀರ್ಚಾಲು ಮೇಷ್ಟ್ರು

ಆ ಮಾತಿಗೆ ನನ್ನ ಸಹಮತ ಉಂಟು.

ಪೆರ್ಲದವ

ನಿನ್ನೆ ಅಮ್ಮನ ಕಿಡ್ನಿ ಡಾಕ್ಟ್ರನ್ನು ಕೇಳಿದೆ. ಅವರು ಹೇಳಿದ್ದು: ಮೂರು ವರ್ಷದ ಹಿಂದಿನ ಡೋಸಿನಿಂದ ಸೋಂಕು ತಡೆಯುವ ಶಕ್ತಿ ಹೆಚ್ಚು ಉಳಿದಿರಲಿಕ್ಕಿಲ್ಲ. ಗಂಭೀರ ಆಗದ ಹಾಗೆ ನೋಡುವ ನೆನಪಿನ ಕಣ ಸ್ವಲ್ಪ ಇರ್ತದೆ, ನಡುವೆ ಗೊತ್ತಿಲ್ಲದೆ ಸೋಂಕು ಬಂದು ಹೋಗಿದ್ದರೆ ಅದರದ್ದೂ ಸೇರ್ತದೆ. ಈಗಿನ ತಳಿ 2021ರ ಡೆಲ್ಟಾದಷ್ಟು ಕ್ರೂರ ಅಲ್ಲ, ಆದರೆ ಅಮ್ಮನಂಥವರಿಗೆ ಸಾಮಾನ್ಯ ನೆಗಡಿಯೂ ಅಲ್ಲ. ಹೊಸ ಡೋಸ್ ಸಿಕ್ಕಿದರೆ ಹಾಕಿಸಬಹುದು ಅಂದರು. ಸಿಗುವುದೇ ಕಷ್ಟ. ನಾನು ವಿಚಾರಿಸಿದ ಕಡೆಯಲ್ಲೆಲ್ಲ ಸ್ಟಾಕ್ ಇಲ್ಲ ಅಂದರು.

ಮೆಷಿನ್ ಅಕ್ಕ

ಡಾಕ್ಟ್ರು ಸರಿ ಹೇಳಿದ್ದಾರೆ. ಡೋಸ್ ಸಿಗುವವರೆಗೆ ಕೈಯಲ್ಲಿ ಇರುವುದನ್ನು ಮಾಡಿ. ನಾನು ಹಾಲಿನಲ್ಲಿ ದಿನಾ ನೋಡುವುದು ಇದು: ಬರುವಾಗ ಎಲ್ಲರ ಮುಖದಲ್ಲಿ ಮಾಸ್ಕ್. ಮೆಷಿನ್ನಿಗೆ ಹಾಕಿ ಒಂದು ಗಂಟೆ ಆದಾಗ ಟಿಫಿನ್ ಬಾಕ್ಸ್ ತೆರೆಯುತ್ತದೆ. ಒಬ್ಬರು ಇಡ್ಲಿ, ಇನ್ನೊಬ್ಬರು ಪತ್ತಿರ್, ಮಾಸ್ಕ್ ಗಲ್ಲದ ಕೆಳಗೆ. ತಿಂದು ಆದ ಮೇಲೆ ಊರ ಸುದ್ದಿ, ಮಾಸ್ಕ್ ಗಲ್ಲದಲ್ಲೇ. ನಾಲ್ಕು ಗಂಟೆಯಲ್ಲಿ ಮೂರು ಗಂಟೆ ಹಾಗೇ ಹೋಗ್ತದೆ. ಅಮ್ಮನಿಗೆ ಮನೆಯಲ್ಲೇ ತಿಂದು ಹೊರಡಲಿಕ್ಕೆ ಹೇಳಿ. ಶುಗರ್ ಇಳಿಯುವ ಅಭ್ಯಾಸ ಇದ್ದರೆ ಮಾತ್ರ ಬಿಸ್ಕತ್ ಇಟ್ಟುಕೊಳ್ಳಲಿ.

ಜ್ವರ, ಕೆಮ್ಮು ಇದ್ದರೆ ಮುಚ್ಚಿಡದೆ ಮೊದಲೇ ಯೂನಿಟ್ಟಿಗೆ ಫೋನ್ ಮಾಡಿ. ಜನ ಹೇಳುವುದಿಲ್ಲ, ಹೇಳಿದರೆ ಸರದಿ ತಪ್ಪಿಸ್ತಾರೆ ಅಂತ ಹೆದರಿಕೆ. ತಪ್ಪಿಸಬಾರದು, ಕೊನೆಯ ಪಾಳಿಯಲ್ಲೋ ಬೇರೆ ಮೂಲೆಯಲ್ಲೋ ಮಾಡಬೇಕು.

ಒಂದು ಎರವಲು ಕಿಡ್ನಿ

ಜೀಪು, ರಿಕ್ಷಾದಲ್ಲಿ ಮೂರ್ನಾಲ್ಕು ರೋಗಿಗಳು ಒಟ್ಟಿಗೆ ಹೋಗ್ತಾರಲ್ಲ, ಅದನ್ನೂ ಸೇರಿಸಿ. ಖರ್ಚು ಉಳಿಯುತ್ತದೆ, ಸರಿ. ಆದರೆ ಮಳೆಗೆ ಟರ್ಪಾಲು ಬಿಟ್ಟುಕೊಂಡು ಬದಿಯಡ್ಕದಿಂದ ಮಂಗಳೂರುವರೆಗೆ ಕೂತರೆ ಹಾಲಿಗಿಂತ ಕಡೆ. ಡ್ರೈವರಿಗೂ ಒಂದು ಮಾಸ್ಕ್ ಕೊಡಿ.

ಔಷಧ ಅಂಗಡಿಯವ

ಜ್ವರ ಬಂದರೆ ಮೊದಲ ದಿನವೇ ಪರೀಕ್ಷೆ ಮಾಡಿಸಿ, ಕಾಯಬೇಡಿ. ನೋವಿನ ಮಾತ್ರೆ ನೀವೇ ತೆಗೆದುಕೊಳ್ಳಬೇಡಿ, ಡೈಕ್ಲೋಫಿನಾಕ್ ಮುಟ್ಟಲೇಬೇಡಿ. ಪ್ಯಾರಸಿಟಮಾಲ್ ಸಾಕು. ಕೊರೊನಾದ ಮಾತ್ರೆಗಳಲ್ಲೂ ಪ್ಯಾಕ್ಸ್‌ಲೋವಿಡ್ ಕಿಡ್ನಿಯ ಮೂಲಕ ಹೊರಹೋಗುವಂಥದ್ದು, ಡಯಾಲಿಸಿಸಿನವರಿಗೆ ಡೋಸ್ ಬೇರೆ. ಕಿಡ್ನಿ ಡಾಕ್ಟ್ರೇ ಬರೆಯಬೇಕು.

ಬಾಯಾರು ಭಾವ

ಜ್ವರಕ್ಕೆ ಬೊಂಡ (ಎಳನೀರು) ಕುಡಿಸಬಹುದಾ? ಮನೆ ಹತ್ತಿರವೇ ಆಗ್ತದೆ.

ಮೆಷಿನ್ ಅಕ್ಕ

ಬೇಡವೇ ಬೇಡ ಭಾವ! ಬೊಂಡದಲ್ಲಿ ಪೊಟ್ಯಾಸಿಯಂ ತುಂಬ, ಕಿಡ್ನಿ ಹೋದವರಲ್ಲಿ ಅದು ರಕ್ತದಲ್ಲೇ ಉಳಿಯುತ್ತದೆ. ಜ್ವರ ಇಳಿಸಲಿಕ್ಕೆ ಹೋಗಿ ಹೃದಯ ನಿಲ್ಲಿಸಬೇಡಿ. ಗಂಜಿ ತೆಳಿಯೂ ದಿನದ ನೀರಿನ ಲೆಕ್ಕದೊಳಗೇ ಇರಲಿ.

ಬಾಯಾರು ಭಾವ

ಮನೆಯಲ್ಲಿ ಬೊಂಡ ಇಟ್ಟುಕೊಂಡು ಕುಡಿಯಬಾರದು ಅಂದರೆ ಇದೆಂಥ ರೋಗ.

ಕುಂಬಳೆ ಸೊಸೆ

ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಅಂತ ಬೇರೆ ಉಂಟಂತೆ. ಅತ್ತೆಗೆ ಅದೂ ಬೇಕಾ? ಕೊರೊನಾದ್ದು ಸಿಗದಿದ್ದರೆ ಅದನ್ನಾದರೂ ಹಾಕಿಸುವ ಅಂತ.

ಔಷಧ ಅಂಗಡಿಯವ

ಬೇಕು. ಫ್ಲೂ ವರ್ಷಕ್ಕೊಂದು, ತಳಿ ಬದಲಾಗ್ತದೆ. ನ್ಯುಮೋನಿಯಾದ್ದು ವರ್ಷಾ ವರ್ಷ ಬೇಡ, ಯಾವುದು, ಎಷ್ಟು ಅಂತರದಲ್ಲಿ ಅಂತ ಡಾಕ್ಟ್ರು ಹೇಳ್ತಾರೆ. ಎರಡೂ ಕೊರೊನಾದ ಬದಲಿಗೆ ಅಲ್ಲ. ಮತ್ತೆ ಅತ್ತೆಯದ್ದು ಮಾತ್ರ ಕೇಳಿದಿರಿ. ಅವರಿಗೆ ಲಸಿಕೆ ಕಡಿಮೆ ಹಿಡಿಯುವುದಾದರೆ ಸುತ್ತ ಇರುವವರಿಗೆ ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ನೀವು, ನಿಮ್ಮ ಯಜಮಾನರು, ಶಾಲೆಗೆ ಹೋಗುವ ಮಕ್ಕಳು ಫ್ಲೂ ಹಾಕಿಸಿಕೊಂಡಿದ್ದೀರಾ?

ಕುಂಬಳೆ ಸೊಸೆ

ನಾನು ಹಾಕಿಸಿಕೊಳ್ತೇನೆ. ಯಜಮಾನರಿಗೆ ಸೂಜಿ ಅಂದರೆ ಹೆದರಿಕೆ.

ಸಂಶಯಪ್ಪ

ಅವರ ನಂಬರ್ ಕೊಡಿ, ನನ್ನ ಪಾರ್ಟಿಗೆ ಸೇರಿಸ್ತೇನೆ.

ಕುಂಬಳೆ ಸೊಸೆ

ಬೇಡ ಅಣ್ಣಾ. ಶನಿವಾರ ಅತ್ತೆಯ ಡಯಾಲಿಸಿಸಿಗೆ ಅವರನ್ನೇ ಕಳಿಸ್ತೇನೆ, ಎರಡು ದೊಡ್ಡ ಸೂಜಿ ಚುಚ್ಚುವುದನ್ನು ಹತ್ತಿರ ನಿಂತು ನೋಡಿ ಬರಲಿ.